ಸಂಶಯವೆಂಬ ಸೆರೆಮನೆ

ಯಾವ ಜೀವವೂ ಅಳಿಯದಿದ್ದಾಗ ಹಿಂಸೆಯ ದೋಷವುಂಟೇ? ಭಾವಹಿಂಸೆ, ದ್ರವ್ಯಹಿಂಸೆ ಎಂದು ನಮ್ಮ ಆಚಾರ್ಯರು ವಿಂಗಡಿಸಿ ವಿವೇಚಿಸಿದ ಈ ಪ್ರಶ್ನೆಯನ್ನು ಅಮೆರಿಕದ ಒಂದು ದೂರದರ್ಶನ ಧಾರಾವಾಹಿಯಲ್ಲಿ ಕಂಡು ವಿಸ್ಮಿತನಾದೆನು. ಬಾಹ್ಯಾಕಾಶದ ಕಲ್ಪಿತ ಕಥೆಗಳುಳ್ಳ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಧಾರಾವಾಹಿಯಲ್ಲಿ 1996ರ ಏಪ್ರಿಲ್ ತಿಂಗಳಲ್ಲಿ ಪ್ರಸಾರವಾದ ‘ಹಾರ್ಡ್ ಟೈಮ್’ ಎಂಬ ಕಂತು ಅದು.

ಓಬ್ರಿಯನ್ ಎಂಬ ಎಂಜಿನಿಯರ್ ಅರ್ಗ್ರಾಥಿ ಎಂಬ ಅನ್ಯಗ್ರಹದ ಜನರ ಯಂತ್ರವಿದ್ಯೆಯ ಬಗ್ಗೆ ಕುತೂಹಲದಿಂದ ಪ್ರಶ್ನಿಸುತ್ತಾನೆ. ಪರಕೀಯನು ಪ್ರಶ್ನೆ ಕೇಳಿದನೆಂದರೆ ಗೂಢಚಾರನೇ ಇರಬೇಕೆಂಬ ಪೂರ್ವಗ್ರಹದಿಂದ ಅವರು ಅವನನ್ನು ಅಪರಾಧಿಯೆಂದು ನಿರ್ಣಯಿಸುತ್ತಾರೆ. ಕೆಲವೇ ಗಂಟೆಗಳಲ್ಲಿ 20 ವರ್ಷಗಳ ಸೆರೆವಾಸದ ನೆನಪನ್ನು ಅವನ ಮಿದುಳಿನಲ್ಲಿ ನೆಡುತ್ತಾರೆ. ಸಂಗಾತಿಗಳು ಬಂದು ಬಿಡಿಸುವ ಮೊದಲೇ ಶಿಕ್ಷೆ ಮುಗಿದಿರುತ್ತದೆ. ದೇಹ ಅಂದಿನಂತೆಯೇ ಇದೆ, ಮನಸ್ಸು ಜರ್ಜರಿತವಾಗಿದೆ.

ಸೆರೆಯಲ್ಲಿ ತಾನು ಒಬ್ಬನೇ ಇದ್ದೆನೆಂದು ಅವನು ಹೇಳುತ್ತಾನೆ. ಅದು ನಿಜವಲ್ಲ. ಆ ನೆನಪಿನಲ್ಲಿ ಈಚಾರ್ ಎಂಬ ಸಹಬಂದಿಯು ಅವನಿಗೆ ಆಪ್ತನಾಗಿದ್ದನು. ಅನ್ನವಿಲ್ಲದ ದಿನಗಳಲ್ಲಿ ಈಚಾರ್ ಆಹಾರವನ್ನು ಬಚ್ಚಿಟ್ಟದ್ದನ್ನು ಕಂಡ ಓಬ್ರಿಯನ್, ಇವನು ವಂಚಕನೆಂದು ಬಗೆದು ಅವನನ್ನು ಕೊಂದನು. ಬಳಿಕ ನೋಡಿದರೆ ಅಲ್ಲಿದ್ದುದು ಇಬ್ಬರ ಪಾಲು! ಸಂಶಯದಿಂದ ದಂಡಿತನಾದವನೇ ಸಂಶಯದಿಂದ ಮಿತ್ರನನ್ನು ದಂಡಿಸಿದ್ದನು.

‘ಅದೆಲ್ಲ ನಡೆದೇ ಇಲ್ಲವಲ್ಲ’ ಎಂದು ನಾವು ಸಮಾಧಾನ ಹೇಳಬಹುದು. ಆದರೆ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಬಲ್ಲ ನಾವು ಹಾಗೆ ಹೇಳಲಾರೆವು. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಆದರೂ ಸಂಕಲ್ಪದ ಫಲವಾಗಿ ಯಶೋಧರನೂ ತಾಯಿ ಚಂದ್ರಮತಿಯೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು.

ಇಲ್ಲೊಂದು ಭೇದವನ್ನು ಗಮನಿಸಬೇಕು. ಯಶೋಧರನ ಕೈಯನ್ನು ನಡೆಸಿದುದು ಅವನದೇ ಸಮ್ಮತಿ. ಓಬ್ರಿಯನ್ನನ ಹಸಿವು, ಭಯಗಳೆಲ್ಲ ಅನ್ಯರು ನೆಟ್ಟವು. ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ. ಅವನ ಕೋಪದ ಪಾಲು ಅವನದಾದರೂ, ಆ ಸ್ಥಿತಿಗೆ ಅವನನ್ನು ನೂಕಿದ ನ್ಯಾಯಾಧಿಪತಿಗಳಿಗೆ ಕಾರಿತದ ದೋಷ ತಪ್ಪದು. ರಕ್ತ ಸುರಿಸಲಿಲ್ಲ, ಕಬ್ಬಿಣದ ಬಾಗಿಲು ಹಾಕಲಿಲ್ಲ ಎಂಬುದು ಅವರಿಗೆ ರಕ್ಷೆಯಾಗದು.

ಪ್ರಾಣತ್ಯಾಗಕ್ಕೆ ಹೊರಟ ಓಬ್ರಿಯನ್ನನನ್ನು ವೈದ್ಯನಾದ ಮಿತ್ರನು ತಡೆಯುತ್ತಾನೆ. ಮುಚ್ಚಿಟ್ಟ ಸತ್ಯವನ್ನು ಅವನೆದುರು ಹೇಳಿಕೊಂಡ ಮೇಲೆಯೇ ಚೇತರಿಕೆ ಮೊದಲಾಗುತ್ತದೆ. ಗುರುಗಳ ಮುಂದೆ ದೋಷವನ್ನು ನಿವೇದಿಸುವ ನಮ್ಮ ಆಲೋಚನಾವಿಧಿಯ ಪ್ರಯೋಜನವೂ ಇದೇ ಅಲ್ಲವೇ?

ವ್ಯಾಪಾರಿಗಳಾದ ನಾವೂ ಸಣ್ಣ ನ್ಯಾಯಾಧಿಪತಿಗಳೇ. ಗಲ್ಲಾಪೆಟ್ಟಿಗೆಯಲ್ಲಿ ಹಣ ಕಡಿಮೆಯಾದಾಗ, ಲೆಕ್ಕವನ್ನು ಇನ್ನೊಮ್ಮೆ ಕೂಡುವ ಮೊದಲೇ ಹೊಸದಾಗಿ ಸೇರಿದ ಹುಡುಗನ ಮುಖವನ್ನು ದಿಟ್ಟಿಸುತ್ತೇವೆ. ಸಂಜೆಗೆ ಲೆಕ್ಕ ಸರಿಹೋಗುತ್ತದೆ. ಆ ನೋಟವನ್ನು ಮಾತ್ರ ಹುಡುಗನು ಮನೆಗೆ ಕೊಂಡೊಯ್ಯುತ್ತಾನೆ. ಮರುದಿನ ಅವನನ್ನು ಕರೆದು ‘ತಪ್ಪು ನನ್ನದಪ್ಪ’ ಎಂದು ಹೇಳಿದ ಯಜಮಾನರು ನಮ್ಮಲ್ಲಿ ಎಷ್ಟು ಮಂದಿ?