ಹನ್ನೊಂದು ತಿಂಗಳ ಕರಾರು

ಲೋಕ ಇವತ್ತಲ್ಲ ನಾಳೆ ಮುಗಿಯುತ್ತದೆ ಎಂದು ನಂಬಿದವನು ಇವತ್ತಿನ ಕೆಲಸವನ್ನು ಯಾಕೆ ಮಾಡಬೇಕು? ಕ್ರಿಸ್ತ ಮರಳಿ ಬರುತ್ತಾನೆ, ನ್ಯಾಯತೀರ್ಪಾಗುತ್ತದೆ, ಎಲ್ಲವೂ ಹೊಸದಾಗುತ್ತದೆ ಎಂಬುದು ಕ್ರೈಸ್ತರ ನಿರೀಕ್ಷೆ. ನಾನು ಕ್ರೈಸ್ತನಲ್ಲ. ಹೊರಗಿನಿಂದ ನೋಡುವವರಿಗೆ ಇದು ಕೈಕಟ್ಟಿ ಕೂರಲು ಒಳ್ಳೆಯ ನೆಪದಂತೆ ಕಾಣಬಹುದು. ಮುಂದೆ ನ್ಯಾಯ ಸಿಗುತ್ತದೆ, ಈಗ ಸಹಿಸಿಕೋ ಎಂದು ಬಡವರಿಗೆ ಹೇಳುವವರಿಗಂತೂ ಇದು ಅನುಕೂಲದ ಮಾತು.

ಈ ಅಪಾಯ ಹಳೆಯದೇ. ಬೈಬಲ್ಲಿನಲ್ಲಿ ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರ, ಕರ್ತನ ದಿನ ಬಂದೇಬಿಟ್ಟಿತೆಂಬ ಗಾಳಿಮಾತಿಗೆ ಬೆದರಬೇಡಿ ಎನ್ನುತ್ತದೆ. ಅದೇ ಪತ್ರ, ದುಡಿಯಲು ಒಲ್ಲದವನಿಗೆ ಊಟವೂ ಬೇಡ ಎಂದು ಗದರುತ್ತದೆ.

ನಮ್ಮ ಭಾಷೆಯ ಚರಿತ್ರೆಯಲ್ಲೇ ಇದಕ್ಕೊಂದು ಉದಾಹರಣೆಯಿದೆ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ 18ನೇ ಶತಮಾನದ ಬೆಂಗೆಲ್ ಎಂಬ ದೇವಶಾಸ್ತ್ರಜ್ಞ ಪ್ರಕಟನೆ ಪುಸ್ತಕದ ಅಂಕಿಗಳನ್ನು ಕೂಡಿಸಿ ಕಳೆದು, 1836ರಲ್ಲಿ ಹೊಸ ಯುಗ ತೊಡಗುತ್ತದೆ ಎಂದಿದ್ದ. ಅದೇ ಸೀಮೆಯ ಹರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದಿಳಿದದ್ದು ಅದೇ 1836ರಲ್ಲಿ. ಲೆಕ್ಕ ಸುಳ್ಳಾಯಿತು, ಲೋಕ ಉಳಿಯಿತು. 1843ರಲ್ಲಿ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ. ಅದೇ ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಕಿಟೆಲ್‌ನ ನಿಘಂಟು ಅಚ್ಚಾದದ್ದು 1894ರಲ್ಲಿ. ಇವರು ಮತಪ್ರಚಾರಕ್ಕೆ ಬಂದವರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಈ ಲೋಕ ತಮ್ಮ ಕೊನೆಯ ಮನೆಯಲ್ಲ ಎಂದು ನಂಬಿದವರು, ಪರಭಾಷೆಯ ಒಂದೊಂದು ಪದವನ್ನೂ ನಾಲ್ಕು ದಶಕದ ತಾಳ್ಮೆಯಿಂದ ಹೆಕ್ಕಿಟ್ಟರಲ್ಲ, ಅದು ನನ್ನನ್ನು ಯೋಚನೆಗೆ ಹಚ್ಚುತ್ತದೆ.

ಯಾಕೆಂದರೆ ಮುನಿರ್ಕಾದ ಬಾಡಿಗೆ ಕೋಣೆಗಳಲ್ಲಿರುವ ನಮ್ಮದೂ ಕಾಯುವ ಬದುಕೇ. ಹನ್ನೊಂದು ತಿಂಗಳ ಕರಾರು. ಥೀಸಿಸ್ ಮುಗಿಯಲಿ, ಯುಪಿಎಸ್‌ಸಿ ಆಗಲಿ, ಬೆಂಗಳೂರಿಗೆ ವರ್ಗವಾಗಲಿ, ಬದುಕುವುದು ಆಮೇಲೆ. ಅಲ್ಲಿಯವರೆಗೆ ಗೋಡೆಗೊಂದು ಮೊಳೆ ಹೊಡೆಯುವುದಿಲ್ಲ, ಪಕ್ಕದ ಕೋಣೆಯ ಮಣಿಪುರದ ಹುಡುಗನ ಹೆಸರು ಕೇಳುವುದಿಲ್ಲ. ಹೇಗೂ ಬಿಟ್ಟುಹೋಗುವ ಜಾಗ ತಾನೆ?

ನನ್ನ ಜೊತೆಗಿದ್ದ ಉಡುಪಿ ಕಡೆಯ ಕ್ರೈಸ್ತ ಗೆಳೆಯನೊಬ್ಬ, ಕರಾರು ಮುಗಿಯಲು ಹತ್ತು ದಿನ ಇರುವಾಗ ಸೋರುವ ನಲ್ಲಿಗೆ ತನ್ನ ದುಡ್ಡಿನಲ್ಲೇ ಹೊಸ ವಾಷರ್ ಹಾಕಿದ. "ಓನರ್ ಹಾಕಿಸ್ತಾನೆ ಬಿಡೋ" ಎಂದೆ. "ನೀರು ಓನರ್‌ದಲ್ವಲ್ಲ" ಎಂದ. ಟ್ಯಾಂಕರಿಗೆ ಕಾಯುವ ಊರಿನಲ್ಲಿ ಅದು ದೊಡ್ಡ ಮಾತು.

ಅವನ ನಿರೀಕ್ಷೆ ಅವನನ್ನು ಇಲ್ಲಿಂದ ಬಿಡಿಸಿರಲಿಲ್ಲ, ಇಲ್ಲಿಗೇ ಕಟ್ಟಿಹಾಕಿತ್ತು. ಮುಂದೊಂದು ದಿನ ಎಲ್ಲವೂ ಸರಿಯಾಗುತ್ತದೆಂದು ನಿಜವಾಗಿ ನಂಬಿದವನಿಗೆ, ಇವತ್ತು ಸರಿಮಾಡಿದ ಚಿಕ್ಕದೂ ದಂಡವೆನಿಸುವುದಿಲ್ಲ. ಫಲ ತನ್ನ ಅವಧಿಯಲ್ಲೇ ಸಿಗಬೇಕೆಂಬ ಹಟವೂ ಅವನಿಗಿರುವುದಿಲ್ಲ. ಆ ನಂಬಿಕೆ ನನ್ನಲ್ಲಿಲ್ಲ. ಆದರೂ ಅದು ಕಲಿಸುವ ನಡತೆಗೆ ನಂಬಿಕೆಯಿಲ್ಲದವರೂ ಬಾಧ್ಯರು ಎನಿಸುತ್ತದೆ.

ಮತ್ತಾಯನ ಸುವಾರ್ತೆಯಲ್ಲಿ ಯೇಸು, ಆ ದಿನ ಯಾರಿಗೂ ತಿಳಿಯದು ಎಂದು ಹೇಳಿ ಒಬ್ಬ ಆಳಿನ ದೃಷ್ಟಾಂತ ಕೊಡುತ್ತಾನೆ. ಯಜಮಾನ ಹಿಂತಿರುಗಿದಾಗ ಮೆಚ್ಚುಗೆ ಪಡೆಯುವವನು ದಾರಿ ನೋಡುತ್ತ ಹೊಸ್ತಿಲಲ್ಲಿ ಕೂತವನಲ್ಲ, ಹೊತ್ತಿಗೆ ಸರಿಯಾಗಿ ಮನೆಯವರಿಗೆ ಊಟ ಬಡಿಸುತ್ತಿರುವವನು.