ಎಂಜಲು ತಟ್ಟೆ ಯಾರದ್ದು?

ಮನೆಯನ್ನ ಅಚ್ಚುಕಟ್ಟಾಗಿ ಇಟ್ಕೊಳ್ಳೋದು ಹೇಗೆ ಅಂತ ಹೇಳಿಕೊಡೋ ವಿಡಿಯೋಗಳಿಗೆ ಈಗ ಬರವಿಲ್ಲ. ಬಟ್ಟೆ ಮಡಚೋದು ಹೇಗೆ, ಡಬ್ಬಿಗಳಿಗೆ ಲೇಬಲ್ ಅಂಟಿಸೋದು ಹೇಗೆ, ಮಲಗೋ ಮುಂಚೆ ಹತ್ತೇ ನಿಮಿಷದಲ್ಲಿ ಅಡುಗೆಮನೆ ಒಪ್ಪ ಮಾಡೋದು ಹೇಗೆ. ನಾನೂ ಕೂತು ನೋಡ್ತೀನಿ, ಕೆಲವನ್ನ ಮಾಡಿಯೂ ನೋಡಿದ್ದೀನಿ. ಆದರೆ ಅವುಗಳಲ್ಲಿ ಒಂದು ಪ್ರಶ್ನೆ ಬರೋದೇ ಇಲ್ಲ. ಈ ಕೆಲಸವನ್ನ ನಾನು ಮಾಡದೆ ಬಿಟ್ಟರೆ ಅದು ಯಾರ ಪಾಲಿಗೆ ಹೋಗುತ್ತೆ?

ಕೆಲಸ ಆವಿಯಾಗಿ ಹೋಗಲ್ಲವಲ್ಲ. ಕುರ್ಚಿ ಮೇಲೆ ಎಸೆದ ಅಂಗಿ ತಾನಾಗಿ ಬೀರು ಸೇರಲ್ಲ. ಟೇಬಲ್ ಮೇಲೆ ಬಿಟ್ಟ ತಟ್ಟೆ ನಡ್ಕೊಂಡು ಸಿಂಕಿಗೆ ಹೋಗಲ್ಲ. ನಾನು ಬಿಟ್ಟಿದ್ದನ್ನ ಯಾರೋ ಒಬ್ಬರು ಎತ್ತಲೇಬೇಕು. ಅದು ಹೆಂಡತಿ ಇರಬಹುದು, ಗಂಡ ಇರಬಹುದು, ಅಮ್ಮ, ರೂಮ್‌ಮೇಟ್, ಮನೆಗೆಲಸಕ್ಕೆ ಬರೋ ಅಕ್ಕ, ಕಸದ ಗಾಡಿಯವರು, ಯಾರೂ ಆಗಬಹುದು. ಒಬ್ಬರೇ ಇರೋ ಮನೆಯಾದರೆ ನಾಳೆ ಬೆಳಗ್ಗೆ ಆಫೀಸಿಗೆ ತಡವಾಗಿ ಓಡ್ತಿರೋ ನಾವೇ. ಹಾಗಾಗಿ ಅಚ್ಚುಕಟ್ಟುತನ ಅನ್ನೋದು ಅಂದಚೆಂದದ ಮಾತಾಗೋಕೆ ಮುಂಚೆ ನ್ಯಾಯದ ಮಾತು ಅಂತ ನನಗನ್ನಿಸುತ್ತೆ.

ನಮ್ಮ ಭಾಷೆಗೆ ಇದು ಮೊದಲಿನಿಂದಲೂ ಗೊತ್ತಿದೆ. ಎಂಜಲು, ಮುಸುರೆ ಅನ್ನೋ ಪದಗಳನ್ನೇ ತಗೊಳ್ಳಿ. ಇಂಗ್ಲಿಷಿನ 'ಡರ್ಟಿ ಡಿಶಸ್'ನಲ್ಲಿ ಇರೋದು ಬರೀ ಕೊಳೆ. ಎಂಜಲಿನಲ್ಲಿ ಕೊಳೆಯ ಜೊತೆಗೆ ಮೇಲು ಕೀಳೂ ಅಂಟಿಕೊಂಡಿದೆ. ಯಾರ ಎಂಜಲನ್ನ ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಅನ್ನೋದರ ಮೇಲೆ ಮನೆ ಒಳಗಿನ ಮತ್ತು ಊರಿನ ಸ್ಥಾನಮಾನಗಳು ತೀರ್ಮಾನ ಆಗ್ತಿದ್ದವು. ಎಷ್ಟೋ ಹಳೇ ಮನೆಗಳಲ್ಲಿ ಗಂಡಸರು ಉಂಡು, ಕೈ ತೊಳೆದು, ಜಗಲಿಗೆ ಹೋಗಿ ಎಲೆಅಡಿಕೆ ಹಾಕ್ಕೊಳ್ತಿದ್ದರು. ಅವರ ಎಲೆ ಎತ್ತಿ, ಗೋಮೆ ಹಚ್ಚಿ, ಆಮೇಲೆ ಹೆಂಗಸರ ಊಟ. ಮುಸುರೆ ತಿಕ್ಕೋಕೆ ಬರೋರಿಗೆ ಹಿತ್ತಲ ಬಾಗಿಲು.

ಈಗ ಹಿತ್ತಲಿಲ್ಲ, ಜಗಲಿಯಿಲ್ಲ, ಗೋಮೆಯಂತೂ ಇಲ್ಲವೇ ಇಲ್ಲ. ಆದರೆ ಉಂಡು ಎದ್ದು ಹೋಗೋ ಅಭ್ಯಾಸ ಮಾತ್ರ ಮೂವರ್ಸ್ ಅಂಡ್ ಪ್ಯಾಕರ್ಸ್ ಇಲ್ಲದೇನೇ ನಮ್ಮ ಜೊತೆ ಟು ಬಿಎಚ್‌ಕೆಗೆ ಬಂದುಬಿಟ್ಟಿದೆ. ಜಗಲಿ ಇದ್ದ ಜಾಗದಲ್ಲಿ ಸೋಫಾ, ಎಲೆಅಡಿಕೆ ಇದ್ದ ಜಾಗದಲ್ಲಿ ಮೊಬೈಲು. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರಿಗೆ ಬೇರೆ ಲಿಫ್ಟೂ ಇದೆ. ಹಿತ್ತಲ ಬಾಗಿಲು ನಿಂತುಕೊಂಡ ಹಾಗೆ!

ಇದು ಬರೀ ನನ್ನ ಅನುಮಾನ ಅಲ್ಲ. 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಜನ ತಮ್ಮ ದಿನವನ್ನ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ದರು, ಗಂಡಸರು 97 ನಿಮಿಷ. ಅದೂ ಆ ದಿನ ಮನೆಗೆಲಸ ಮಾಡಿದವರ ಲೆಕ್ಕ ಮಾತ್ರ. ಹಾಗೆ ಕೈಹಾಕಿದ ಗಂಡಸರು ನೂರಕ್ಕೆ ಸುಮಾರು 26 ಜನ.

"ನಾನು ಮನೇಲಿ ತುಂಬಾ ಹೆಲ್ಪ್ ಮಾಡ್ತೀನಪ್ಪ" ಅಂತ ಸ್ನೇಹಿತರು ಹೇಳೋದನ್ನ ಕೇಳಿರ್ತೀರಿ. ಒಳ್ಳೆ ಮನಸ್ಸಿನಿಂದಲೇ ಹೇಳ್ತಾರೆ. ಆದರೆ ಸಹಾಯ ಅನ್ನೋದು ಇನ್ನೊಬ್ಬರ ಕೆಲಸಕ್ಕೆ ಮಾಡೋದು. ನಾನು ಉಂಡ ತಟ್ಟೆ ನಾನು ತೊಳೆದರೆ ಯಾರಿಗೆ ಸಹಾಯ ಆಯ್ತು? ಜೊತೆಗೆ, ಸಹಾಯ ಮಾಡೋರು ಕೇಳಿದಾಗ ಮಾಡ್ತಾರೆ. ಹಾಲು ಮುಗೀತಾ ಬಂದಿದೆ, ದಿಂಬಿನ ಕವರು ಕೊಳೆಯಾಗಿದೆ, ಫ್ರಿಜ್ಜಿನಲ್ಲಿ ಮೊನ್ನೆಯ ಸಾರು ಇದೆ ಅಂತ ಗಮನಿಸೋದೂ ಒಂದು ಕೆಲಸವೇ. ಅದು ಒಬ್ಬರ ತಲೆಯಲ್ಲೇ ಓಡ್ತಿದ್ದರೆ, ಇನ್ನೊಬ್ಬರು ಎಷ್ಟು ತಟ್ಟೆ ತೊಳೆದರೂ ಲೆಕ್ಕ ಸರಿಹೋಗಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ಅದು ನ್ಯಾಯವಾದದ್ದೇ. "ನಾನು ದಿನಕ್ಕೆ ಹತ್ತು ಗಂಟೆ ದುಡೀತೀನಿ. ಮನೆಗೆಲಸದವರಿಗೆ ತಿಂಗಳು ತಿಂಗಳು ಸಂಬಳ ಕೊಡ್ತೀನಿ. ಇದರಲ್ಲಿ ತಪ್ಪೇನಿದೆ?" ತಪ್ಪಿಲ್ಲ. ಕೂಲಿ ಕೊಟ್ಟು ಕೆಲಸ ಮಾಡಿಸಿಕೊಳ್ಳೋದು ಅವಮಾನ ಅಲ್ಲ, ಮಾಡೋದೂ ಅಲ್ಲ. ನಮ್ಮ ಮನೆಯಲ್ಲಿ ಇಬ್ಬರೂ ಆಫೀಸಿಗೆ ಹೋಗೋದರಿಂದ ನಾವೂ ಮಾಡಿಸ್ತೀವಿ. ಆದರೆ ಆ ಸಂಬಳ ಯಾವುದಕ್ಕೆ ಅನ್ನೋದನ್ನ ಒಮ್ಮೆ ಯೋಚಿಸಬೇಕು. ಗುಡಿಸಿ ಒರೆಸೋಕೆ, ಪಾತ್ರೆ ತೊಳೆಯೋಕೆ. ಗುಡಿಸೋ ಮುಂಚೆ ನೆಲದ ಮೇಲಿರೋ ನನ್ನ ಒಳಬಟ್ಟೆ, ಸಾಕ್ಸು, ಚಾರ್ಜರು ಎತ್ತೋಕೆ ಅಲ್ಲ. ತಟ್ಟೆಯಲ್ಲಿ ಬಿಟ್ಟ ಕರಿಬೇವು, ಮೀನಿನ ಮುಳ್ಳು ಬಳಿಯೋಕೆ ಅಲ್ಲ.

ಸಮಯದ ಲೆಕ್ಕವನ್ನೂ ನೋಡಿ. ಉಂಡ ತಕ್ಷಣ ತಟ್ಟೆಗೆ ನೀರು ಬಿಟ್ಟರೆ ಕೈಯಲ್ಲೇ ಹೋಗುತ್ತೆ. ರಾತ್ರಿಯಿಡೀ ಒಣಗಿದ ಅನ್ನದ ಅಗುಳು ಸ್ಟೀಲಿಗೆ ಗೋಂದಿನ ಹಾಗೆ ಕಚ್ಚಿಕೊಳ್ಳುತ್ತೆ, ಬೆಳಗ್ಗೆ ಉಜ್ಜಿ ಉಜ್ಜಿ ಕೈ ಸೋಲುತ್ತೆ. ನನಗೆ ಐದು ಸೆಕೆಂಡು ಉಳಿಯೋಕೆ ಅವರಿಗೆ ಐದು ನಿಮಿಷ ಹೋಗುತ್ತೆ. ದಿನಕ್ಕೆ ನಾಲ್ಕು ಮನೆ ಮಾಡೋರಿಗೆ ಪ್ರತಿ ಮನೆಯಲ್ಲೂ ಹತ್ತು ನಿಮಿಷ ಹೆಚ್ಚಾದರೆ, ಅವರು ತಮ್ಮ ಮನೆ ಸೇರೋದು ನಲವತ್ತು ನಿಮಿಷ ತಡ. ಅವರ ಮನೆಯಲ್ಲೂ ಒಂದು ಸಿಂಕಿದೆ, ಅದರಲ್ಲೂ ಪಾತ್ರೆ ಇರುತ್ತೆ.

ಬಾಗಿಲಾಚೆ ಇಟ್ಟ ಕಸದ ವಿಷಯವೂ ಇದೇ. ಬೆಂಗಳೂರಿನಲ್ಲಿ ಎರಡು ಬಕೆಟ್, ಒಂದು ಚೀಲದ ಪದ್ಧತಿ ಬೇಕು ಅಂತ ಹೈಕೋರ್ಟ್ ಹೇಳಿದ್ದು 2015ರಲ್ಲಿ. ದೇಶಕ್ಕೆಲ್ಲ ಅನ್ವಯಿಸೋ ಹಾಗೆ 2016ರಲ್ಲಿ ಬಂದ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಬೇರೆ ಮಾಡಬೇಕು ಅಂತ ಹೇಳಿದ್ದವು. ನಾವು ಬೇರೆ ಮಾಡದಿದ್ದರೂ ಯಾರೋ ಮಾಡ್ತಾರೆ, ಕೈ ಹಾಕಿ. ತೊಳೆಯದ ಹಾಲಿನ ಪ್ಯಾಕೆಟ್ಟಿನ ನಾತ, ಕಾಗದದಲ್ಲಿ ಸುತ್ತದೆ ಎಸೆದ ಒಡೆದ ಗಾಜಿನ ಚೂರು, ಹಾಗೇ ಬಿಸಾಕಿದ ಡೈಪರು, ಇವೆಲ್ಲ ಒಬ್ಬ ಮನುಷ್ಯರ ಕೈಗೇ ಹೋಗೋದು. ನಮ್ಮ ಮನೆ ಚೊಕ್ಕಟವಾಗಿದೆ ಅಂತ ಹೇಳ್ಕೊಳ್ಳೋ ಮುಂಚೆ ಆ ಚೊಕ್ಕಟತನ ಯಾರ ಕೈ ಕೊಳೆ ಮಾಡಿ ಬಂತು ಅಂತ ನೋಡಬೇಕು.

ಹಾಗಂತ ಮನೆ ಮ್ಯೂಸಿಯಂ ಆಗಬೇಕು ಅಂತಲ್ಲ. ಚಪ್ಪಲಿ ಒಂದಿಂಚು ಸೊಟ್ಟಗಿದ್ದರೆ ಮಕ್ಕಳ ಮೇಲೆ ರೇಗೋದು ಇನ್ನೊಂದು ಬಗೆಯ ಹೊರೆ. ಮನೆ ಒಪ್ಪ ಮಾಡೋದನ್ನ ಜಗತ್ತಿಗೇ ಕಲಿಸಿದ ಜಪಾನಿನ ಮರೀ ಕೊಂಡೊ ಅವರೇ ಮೂರನೇ ಮಗು ಆದಮೇಲೆ ಅದನ್ನ ಹೆಚ್ಚುಕಡಿಮೆ ಕೈಬಿಟ್ಟಿದ್ದೀನಿ ಅಂತ 2023ರಲ್ಲಿ ಹೇಳಿದ್ದು ಸುದ್ದಿಯಾಗಿತ್ತು. ನನ್ನ ಮಟ್ಟಿಗೆ ಗೆರೆ ಇರೋದು ಇಲ್ಲಿ: ನನ್ನ ಓದೋ ಮೇಜಿನ ಮೇಲೆ ಪುಸ್ತಕ ಗುಡ್ಡೆ ಬಿದ್ದಿದ್ದರೆ ಅದರ ಕಷ್ಟ ನನ್ನದು, ಅದು ನೈತಿಕ ಸಮಸ್ಯೆ ಏನಲ್ಲ. ಹಾಲಿನಲ್ಲಿ ಎಲ್ಲರೂ ಓಡಾಡೋ ದಾರಿಯಲ್ಲಿ ನನ್ನ ಬ್ಯಾಗು ಬಿದ್ದಿದ್ದರೆ ಅದು ಸಮಸ್ಯೆ.

ಹೀಗೆ ನೋಡಿದರೆ ಬೇಕಾಗೋ ಅಭ್ಯಾಸಗಳು ಬಹಳ ಕಡಿಮೆ. ಎದ್ದ ಹಾಸಿಗೆ ಎದ್ದವರೇ ಸರಿ ಮಾಡೋದು. ಉಂಡ ತಟ್ಟೆಯ ಮುಸುರೆ ಬಳಿದು, ನೀರು ಬಿಟ್ಟು ಇಡೋದು. ಬಿಚ್ಚಿದ ಬಟ್ಟೆ ಸೀದಾ ಬುಟ್ಟಿಗೆ. ಹಾಲಿನ ಪ್ಯಾಕೆಟ್ಟು ತೊಳೆದು ಒಣ ಕಸಕ್ಕೆ. ಮಲಗೋ ಮುಂಚೆ ಅಡುಗೆಕಟ್ಟೆ ಒರೆಸೋದು, ಅದೂ ಸರದಿಯ ಪ್ರಕಾರ. ಒಂದಕ್ಕೂ ಆ್ಯಪ್ ಬೇಡ, ದುಬಾರಿ ಡಬ್ಬಿ ಬೇಡ.

ನಮ್ಮಲ್ಲಿ ಮನೆ ಒಪ್ಪವಾಗಿ ಕಾಣಬೇಕು ಅನ್ನೋ ಆತುರ ಬರೋದು ನೆಂಟರು ಗೇಟಿನ ಹತ್ತಿರ ಇದ್ದೀವಿ ಅಂತ ಫೋನ್ ಮಾಡಿದಾಗ. ಅವರು ಒಂದು ಗಂಟೆ ಕೂತು, ಕಾಫಿ ಕುಡಿದು ಹೋಗ್ತಾರೆ. ಅವರ ಮುಂದೆ ಇರೋ ಸಂಕೋಚದಲ್ಲಿ ಕಾಲುಭಾಗ ದಿನಾ ನಮ್ಮ ಬಟ್ಟೆ ಎತ್ತೋರ, ನಮ್ಮ ಎಂಜಲು ಬಳಿಯೋರ ಮುಂದೆಯೂ ಇದ್ದರೆ ಸಾಕು. ಅರ್ಧ ಮನೆ ತಾನಾಗಿ ಒಪ್ಪವಾಗುತ್ತೆ.