ನೋಡುವವರ ಋಣ

ಕೊರೋನಾದ ಮೊದಲ ವರ್ಷ, 2020ರಲ್ಲಿ, ಜರ್ಮನಿಯಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ವೆನಿಸ್ ನಗರ ನೋಡಿಕೊಂಡು ಬಂದ. ಜೂನ್ 3ರಿಂದ ಇಟಲಿ ಯುರೋಪಿನ ನೆರೆಯವರಿಗೆ ಗಡಿ ತೆರೆದಿತ್ತು. ಕಾನೂನಿನಂತೆ ನೋಡಿದರೆ ಅವನದು ತಪ್ಪೇನೂ ಅಲ್ಲ. "ಮಾಮೂ, ಇಂಥ ಸಮಯ ಮತ್ತೆ ಸಿಗೋದಿಲ್ಲ. ಜನಾನೇ ಇಲ್ಲ" ಎಂದು ಫೋನಿನಲ್ಲಿ ಸಂಭ್ರಮಪಟ್ಟ. ಅದಕ್ಕೂ ಮೊದಲು ಅಲ್ಲಿನ ಕಾಲುವೆಗಳ ನೀರು ತಿಳಿಯಾದ ಚಿತ್ರಗಳನ್ನು ನಾವೆಲ್ಲ ನೋಡಿ ಖುಷಿಪಟ್ಟಿದ್ದೆವು. ದೋಣಿಗಳ ಓಡಾಟ ನಿಂತು ಕೆಸರು ತಳಕ್ಕಿಳಿದಿತ್ತು, ಅಷ್ಟೆ. ದೋಣಿ ನಡೆಸುವವನ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿದೆ ಎಂಬುದು ಆ ಚಿತ್ರಗಳಲ್ಲಿ ಇರಲಿಲ್ಲ. ಕಾಯಿಲೆ ಬಿದ್ದ ಊರನ್ನು ನೋಡಲು ಹೋಗುವುದು ಸರಿಯೇ ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಆಗ.

ಈ ಪ್ರಶ್ನೆ ಕೇಳಲು ವೆನಿಸ್ಸಿಗೆ ಹೋಗಬೇಕಾಗಿಲ್ಲ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿ ಹಂಗಳ ಇದೆ. ಇಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ನೇರ ಹೋದರೆ ಬಂಡೀಪುರದ ಕಾಡು. ಮುಂಗಾರಿನಲ್ಲಿ ಈ ಭಾಗದ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳುತ್ತವೆ. ಕೇರಳದ ಕಾರುಗಳು ರಸ್ತೆಬದಿಯಲ್ಲಿ ಸಾಲುಗಟ್ಟುತ್ತವೆ. ಹೊಲದವರು ತಲೆಗೆ ಇಷ್ಟೆಂದು ಹಣ ಪಡೆದು ಫೋಟೋ ತೆಗೆದುಕೊಳ್ಳಲು ಒಳಗೆ ಬಿಡುತ್ತಾರೆ. ಎಣ್ಣೆಗೆಂದು ಬೆಳೆದ ಹೂವು ನೋಟಕ್ಕೂ ಕಾಸು ತರುತ್ತದೆಂದು ಹಿಂದಿನವರು ಎಣಿಸಿರಲಾರರು.

2020ರಲ್ಲಿ ಆ ಕಾರುಗಳು ವಿರಳವಾದವು. ರಾಜ್ಯದ ಜಿಲ್ಲೆಗಳೆಲ್ಲ ರೋಗಕ್ಕೆ ತುತ್ತಾಗುತ್ತಿದ್ದರೂ ಜೂನ್ ಮೊದಲ ವಾರದವರೆಗೆ ಚಾಮರಾಜನಗರ ಜಿಲ್ಲೆಯಲ್ಲಿ ಒಂದೇ ಒಂದು ಪ್ರಕರಣವೂ ದಾಖಲಾಗಿರಲಿಲ್ಲ. ಹಿಂದುಳಿದ ಜಿಲ್ಲೆ ಎಂದು ಕರೆಸಿಕೊಂಡೇ ಅಭ್ಯಾಸವಾದ ನಮಗೆ ಒಳಗೊಳಗೇ ಹೆಮ್ಮೆ. ಹೂವಿನ ಹೊಲದ ಹೆಂಗಸೊಬ್ಬರನ್ನು "ಯಾಕವ್ವಾ, ಈ ಸಲ ಯಾರೂ ಬರಲಿಲ್ಲವಾ?" ಎಂದು ಕೇಳಿದೆ. "ಬರ್ಲಿ ಅನ್ನಕ್ಕೂ ಭಯ, ಬ್ಯಾಡ ಅನ್ನಕ್ಕೂ ಆಗಲ್ಲ ಸಾಬ್ರೇ. ಹೋದ್ವರ್ಸ ಇಷ್ಟೊತ್ಗೆ ಗೊಬ್ಬರದ ಸಾಲ ತೀರಿತ್ತು" ಎಂದರು. ಪ್ರವಾಸವೇ ಪಾಪ ಎಂದು ಮನೆಯಲ್ಲಿ ಕುಳಿತು ತೀರ್ಪು ಕೊಡುವವರು ಈ ಮಾತನ್ನು ಕೇಳಿಸಿಕೊಳ್ಳಬೇಕಿತ್ತು.

ಉರ್ದು ಶಾಲೆಯಲ್ಲಿ ಕಲಿತವನಿಗೆ ಇಲ್ಲಿ ಕೆಲವು ಪದಗಳು ಕಾಡುತ್ತವೆ. ಊರು ಸುತ್ತುವುದಕ್ಕೆ ಉರ್ದುವಿನಲ್ಲಿ 'ಸೈರ್' ಎನ್ನುತ್ತೇವೆ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಹೇಳುವಾಗ ಬಳಸುವುದು ಇದೇ ಧಾತುವಿನ ಪದವನ್ನು. ಆದ್ದರಿಂದ ನೋಡುವುದು ನಮ್ಮಲ್ಲಿ ನಿಷಿದ್ಧವಲ್ಲ. ಇನ್ನೊಂದು ಪದ 'ತಮಾಶಾ'. ಉರ್ದುವಿನಲ್ಲಿ ನೋಟ, ಪ್ರದರ್ಶನ ಎಂಬ ಅರ್ಥವಿರುವ ಇದು ಕನ್ನಡಕ್ಕೆ ಬರುವಷ್ಟರಲ್ಲಿ ಬರೀ ನಗೆಚಾಟಿಕೆಯಾಯಿತು. ನೋಡಿ ಪಾಠ ಕಲಿಯುವುದಕ್ಕೆ 'ಇಬ್ರತ್' ಎನ್ನುತ್ತಾರೆ. ಅದರ ಅರಬಿ ಧಾತುವಿಗೆ ದಾಟುವುದು ಎಂಬ ಅರ್ಥವಿದೆ. ಕಂಡದ್ದರಿಂದ ಕಾಣದ್ದಕ್ಕೆ ಮನಸ್ಸು ದಾಟಬೇಕು. ಖಾಲಿ ಚೌಕ ನೋಡಿದವನು ಅದು ಖಾಲಿಯಾದದ್ದು ಹೇಗೆಂಬುದಕ್ಕೆ ದಾಟದಿದ್ದರೆ ಅವನು ಎಷ್ಟು ದೇಶ ಸುತ್ತಿದರೂ ತಮಾಷೆಯಲ್ಲೇ ಉಳಿದ.

ಪಿಡುಗು ಬಿದ್ದ ನಾಡಿಗೆ ಹೋಗಬೇಡಿ, ನೀವಿರುವಲ್ಲಿ ಬಿದ್ದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿಯವರ ಉಪದೇಶ ಆ ದಿನಗಳಲ್ಲಿ ಎಲ್ಲರ ಮೊಬೈಲಿಗೂ ಬಂತು. ಹಿಜರಿ 18ರ ಸುಮಾರಿಗೆ ಶಾಮ್ ದೇಶದ ಅಮ್ವಾಸಿನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಖಲೀಫ ಹಜ್ರತ್ ಉಮರ್ ಗಡಿಯ ಸರ್ಗ್‌ನಿಂದಲೇ ಹಿಂತಿರುಗಿದ ಪ್ರಸಂಗವೂ ಪ್ರಸಿದ್ಧ. ನಾನು ಹೆಚ್ಚು ಯೋಚಿಸುವುದು ಹಜ್ರತ್ ಅಬೂ ಉಬೈದಾರ ಬಗ್ಗೆ. ಅವರು ತಮ್ಮ ಜನರ ನಡುವೆ ಶಾಮಿನಲ್ಲೇ ಉಳಿದರು, ಆ ಪ್ಲೇಗಿನಲ್ಲೇ ತೀರಿಕೊಂಡರು. ಒಳಗೆ ಹೋಗದಿರುವುದು ಸುಲಭ. ಒಳಗಿದ್ದವರು ಹೊರಗೆ ಬಾರದಿರುವುದು ಎಷ್ಟು ಕಠಿಣ! ಹೊರಗಿನವರು ಬದುಕಲೆಂದು ಅವರು ಒಳಗಿರುತ್ತಾರೆ. ಅಂದ ಮೇಲೆ ಹೊರಗಿನವರ ಮೇಲೆ ಅವರ ಋಣ ಬೀಳುತ್ತದೆ. ಉಪದೇಶವನ್ನು ಹಂಚಿದವರಲ್ಲಿ ಈ ಋಣದ ಲೆಕ್ಕ ಹಿಡಿದವರನ್ನು ನಾನು ಕಾಣಲಿಲ್ಲ.

ಒಳಗಿದ್ದವರ ಗತಿ ಏನಾಯಿತೆಂಬುದನ್ನು ನಮ್ಮ ಜಿಲ್ಲೆ 2021ರಲ್ಲಿ ಕಂಡಿತು. ಮೇ 2ರಿಂದ 3ರ ನಡುವಿನ ಒಂದೇ ದಿನದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಅಲ್ಲಿ ಆಮ್ಲಜನಕ ಮುಗಿದಿತ್ತು. ಆ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಮೊದಲು ಹೇಳಲಾಯಿತು. ಹೈಕೋರ್ಟ್ ನೇಮಿಸಿದ ಸಮಿತಿ ಅದನ್ನು ಒಪ್ಪಲಿಲ್ಲ. ಮನೆಯಲ್ಲೇ ಇರಿ ಎಂದದ್ದಕ್ಕೆ ಜನ ಮನೆಯಲ್ಲಿದ್ದರು. ಆಸ್ಪತ್ರೆಗೆ ಬನ್ನಿ ಎಂದಾಗ ಬಂದರು. ಅವರು ಮಾತು ಉಳಿಸಿಕೊಂಡರು, ಸಿಲಿಂಡರು ಬರಲಿಲ್ಲ.

ಪ್ರವಾಸಿಯನ್ನು ಇದಕ್ಕೆ ಹೊಣೆ ಮಾಡುವುದು ಅನ್ಯಾಯ. ಆದರೂ ಕಾಯಿಲೆಯ ಕಾಲದಲ್ಲಿ ಊರು ನೋಡಲು ಹೊರಟವನು ರಹದಾರಿಯನ್ನು ಸರಕಾರದಿಂದ ಪಡೆದರೆ ಸಾಲದು, ಅಲ್ಲಿ ಉಳಿದವರಿಂದಲೂ ಪಡೆಯಬೇಕು ಎಂದು ನನಗನ್ನಿಸುತ್ತದೆ. ಅವರು ಬಾ ಎಂದರೆ ಹೋಗಲಿ, ಮೂಗು ಬಾಯಿ ಮುಚ್ಚಿಕೊಂಡು ಹೋಗಲಿ, ಕೈ ಬಿಚ್ಚಿ ಖರ್ಚು ಮಾಡಿ ಬರಲಿ. ಬೇಡವೆಂದರೆ ಹೊಲದ ಬೇಲಿಯ ಹೊರಗೆ ನಿಲ್ಲಲಿ. ಹಣ ಕೊಟ್ಟವನಿಗೆ ಹೂವು ನೋಡುವ ಹಕ್ಕುಂಟು. ಇನ್ನೊಬ್ಬರ ಕಷ್ಟ ತಂದುಕೊಟ್ಟ ನಿರ್ಜನತೆಯನ್ನು ತನ್ನ ಅದೃಷ್ಟವೆಂದು ಕೊಂಡಾಡುವ ಹಕ್ಕು ಮಾತ್ರ ಯಾವ ಟಿಕೆಟ್ಟಿನಲ್ಲೂ ಬರುವುದಿಲ್ಲ.

ಹಂಗಳದ ರಸ್ತೆಯಲ್ಲಿ ಈಗ ಮತ್ತೆ ಕಾರುಗಳು ನಿಲ್ಲುತ್ತವೆ. ಆ ವರ್ಷ ಗೊಬ್ಬರದ ಸಾಲಕ್ಕೆ ಆ ತಾಯಿ ಎರಡು ಮೇಕೆ ಮಾರಿದ್ದರೆಂದು ನನಗೆ ತಿಳಿದದ್ದು ಬಹಳ ದಿನಗಳ ನಂತರ.